ಯಮ್ನಾ ಉಜ್ಜದೆ ಬಿಟ್ಟ ಹಿಮ್ಮಡಿ

ಬಿಸಿಲು ಇನ್ನೂ ಗುಡ್ಡ ಇಳಿದಿಲ್ಲ. ಸೆಫ್ರೂ ಊರಿನ ಹೊಳೆಬದಿಯ ಹಮ್ಮಾಮಿನಲ್ಲಿ, ಅಂದರೆ ಊರವರೆಲ್ಲ ಬಂದು ಮೀಯುವ ಹಬೆಮನೆಯಲ್ಲಿ, ಹೆಂಗಸರ ಬಾಗಿಲ ಮುಂದೆ, ಯಮ್ನಾ ಕಾಲು ಚಾಚಿಕೊಂಡು ಕೂತು ಬಕೆಟ್ಟುಗಳನ್ನು ಕಾಯುತ್ತಿದ್ದಾರೆ. ಕೆಂಪು, ನೀಲಿ, ಹಿಡಿ ಮುರಿದ ಹಳದಿ, ಎಲ್ಲ ಸೇರಿ ಏಳೆಂಟು. ಒಂದೊಂದರಲ್ಲೂ ಟವೆಲ್ಲು, ಬಾಚಣಿಗೆ, ಬೆಣ್ಣೆಯಂತೆ ಮೆತ್ತಗಿರುವ ಕಪ್ಪು ಸಾಬೂನು, ಒಂದು ಜೊತೆ ಒಣಬಟ್ಟೆ. ಒಳಗೆ ನೀರು ಕಾದಿದೆ, ಬಾಗಿಲ ಸಂದಿಯಿಂದ ಹಬೆ ಹೊರಗೆ ಇಣುಕುತ್ತಿದೆ. ಬಕೆಟ್ಟಿನ ಒಡತಿಯರು ಮಾತ್ರ ಒಳಗಿಲ್ಲ. ಅವರು ಹೊಳೆಯ ದಂಡೆ ಹಿಡಿದು ಜಲಪಾತದ ಕಡೆಗೆ ಓಡಿಹೋಗಿದ್ದಾರೆ.

ಎಲ್ಲರಿಗಿಂತ ಮೊದಲು ವಾಪಸಾಗುವವಳು ಮೊಟ್ಟೆ ಮಾರುವ ಇತ್ತೊ. ಗೋಡೆಗೆ ಕೈಕೊಟ್ಟು ಏದುಸಿರು ಬಿಡುತ್ತಾಳೆ. ಯಮ್ನಾ ಕೂತಲ್ಲಿಂದಲೇ ತನಿಖೆ ಶುರುಮಾಡುತ್ತಾರೆ.

"ಇವತ್ತು ಮನೇಲಿ ಏನಡುಗೆ? ಒಂದೇ ಉಸಿರಿಗೆ ಹೇಳು."

"ಮಸೂ... ಮಸೂರ ಬೇ... ಖಾಲ್ತಿ, ತಡಿ..."

"ಅಡುಗೆ ಹೇಳೋಕೂ ಉಸಿರಿಲ್ಲ ಅಂದ್ರೆ ಅದು ಓಟ ಅಲ್ಲ ಕಣೇ, ಕದ್ದು ಪರಾರಿಯಾಗೋದು. ನಾಳೆ ಬಹೀಜಾ ಹಿಂದೆ ಹೋಗು. ಅವಳನ್ನ ದಾಟಿದ್ರೆ ನಿನ್ನ ಬಕೆಟ್ಟು ಹೊಳೇಲಿರುತ್ತೆ."

ಬಹೀಜಾ ಬರುವುದು ಕಟ್ಟಕಡೆಗೆ. ತಿರುವಿನಲ್ಲಿ ಮುಖ ಕಾಣುವ ಮೊದಲೇ ಮಾತು ಕೇಳಿಸುತ್ತದೆ. "ಗೋಧಿ ರವೆ ಕುಸ್‌ಕುಸ್ ಖಾಲ್ತಿ, ಏಳು ತರಕಾರಿ, ಮೇಲೆ ಈರುಳ್ಳಿ ದ್ರಾಕ್ಷಿ ಗೊಜ್ಜು. ಅದು ಶುಕ್ರವಾರದ ಅಡುಗೆ, ಇವತ್ತು ಶುಕ್ರವಾರ ಅಲ್ಲ ಅಂತ ಗೊತ್ತು. ಅತ್ತೆಗೆ ಆಸೆಯಾಗಿದೆ, ಏನ್ಮಾಡ್ಲಿ?" ಯಮ್ನಾ ತಲೆಯಾಡಿಸುತ್ತಾರೆ. ಇದು ಪಾಸಾದ ಉತ್ತರ.

ಊರಿಗೆಲ್ಲ ಖಾಲ್ತಿ, ಅಂದರೆ ಚಿಕ್ಕಮ್ಮ, ಆಗಿರುವ ಯಮ್ನಾಗೆ ಐವತ್ತೆಂಟು. ಮೂವತ್ತು ವರ್ಷದಿಂದ ಈ ಹಬೆಯಲ್ಲಿ ಬಂದವರ ಮೈ ಉಜ್ಜುತ್ತಿದ್ದಾರೆ. ಗಂಡ ಆಲಿವ್ ಮರದಿಂದ ಬಿದ್ದು ತೀರಿಕೊಂಡಾಗ ಚಿಕ್ಕ ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಎರಡು ಹೆಣ್ಣುಮಕ್ಕಳನ್ನು ಸಾಕಿ, ಓದಿಸಿ, ದಡ ಸೇರಿಸಿದ್ದು ಇದೇ ಕೈ, ಮೈ ಉಜ್ಜುವ ಇದೇ ಒರಟು ಕೈಗವಸು. ಸಂಬಳವೆಂಬುದಿಲ್ಲ, ಉಜ್ಜಿಸಿಕೊಂಡವರು ಕೊಟ್ಟದ್ದೇ ಗಳಿಕೆ. ವಾರದ ದಿನಗಳಲ್ಲಿ ಹದಿನೈದು ಮೈ, ಭಾನುವಾರ ಅದರ ಎರಡರಷ್ಟು. ಮಂಡಿ ಸವೆದಿದೆ, ಬೆರಳ ತುದಿ ಯಾವಾಗಲೂ ಸುಕ್ಕು. "ಬೇರೆಯವರಿಗೆ ವಯಸ್ಸಾದ್ಮೇಲೆ ಸುಕ್ಕು ಬರುತ್ತೆ. ನನಗೆ ಕೆಲಸ ಸಿಕ್ಕ ದಿನಾನೇ ಬಂತು," ಎಂದು ನಗುತ್ತಾರೆ.

ಇಂಥ ಯಮ್ನಾರ ಮುಂದೆ ಓಟಗಾರ್ತಿಯರ ಬಕೆಟ್ಟು ಬಂದು ಕೂತದ್ದು ಬಹೀಜಾಳಿಂದ. ಬಹೀಜಾ ಜಿಲ್ಲಾಬಾ ಎಂಬ ನಿಲುವಂಗಿಗೆ ಗುಂಡಿ ಹೆಣೆಯುವವಳು. ರೇಷ್ಮೆ ದಾರ, ಸೂಜಿ, ಬಗ್ಗಿಸಿದ ಕತ್ತು. ಈ ಊರಿನ ಅರ್ಧ ಹೆಂಗಸರಿಗೆ ಅದೇ ಕಸುಬು, ಅದೇ ಬೆನ್ನುನೋವು. ಆರೋಗ್ಯ ಕೇಂದ್ರದ ನರ್ಸ್ ವಿದಾದ್ ಅವಳಿಗೆ ಮಾತ್ರೆ ಕೊಡುವ ಬದಲು ನಡೆಯಲು ಹೇಳಿದಳು. ನಡೆದಳು. ನಡೆಯುತ್ತ ನಡೆಯುತ್ತ ಒಂದು ಬೆಳಿಗ್ಗೆ ಏನನ್ನಿಸಿತೋ, ಓಡಿಬಿಟ್ಟಳು. ಬೆನ್ನಿನ ನೋವು ಹೋಯಿತು, ಬೀದಿಯ ಬಾಯಿ ಬಂತು. ಇಷ್ಟು ವಯಸ್ಸಾದ ಹೆಂಗಸು ಬೆಳಗಾಗುವ ಮೊದಲು ಎಲ್ಲಿಗೆ ಓಡುತ್ತಾಳೆ, ಯಾರ ಹಿಂದೆ ಓಡುತ್ತಾಳೆ?

ಆದರೆ ಕೈಯಲ್ಲಿ ಹಮ್ಮಾಮಿನ ಬಕೆಟ್ಟಿರುವ ಹೆಂಗಸನ್ನು ಈ ಊರಲ್ಲಿ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಗಂಡನೂ ಕೇಳುವುದಿಲ್ಲ, ಗಂಡನ ಅಣ್ಣನೂ ಕೇಳುವುದಿಲ್ಲ. ಬಹೀಜಾ ಬಕೆಟ್ಟು ತಂದು ಯಮ್ನಾರ ಮುಂದಿಟ್ಟು, ಓಡಿ ಬಂದು, ಮಿಂದು, ಒದ್ದೆ ಕೂದಲಲ್ಲಿ ಮನೆಗೆ ಹೋಗತೊಡಗಿದಳು. ಒದ್ದೆ ಕೂದಲಿಗಿಂತ ಬೇರೆ ಸಾಕ್ಷಿ ಬೇಕೆ? ವರ್ಷ ತುಂಬುವುದರೊಳಗೆ ಒಂದು ಬಕೆಟ್ಟು ನಾಲ್ಕಾಯಿತು, ನಾಲ್ಕು ಎಂಟಾಯಿತು. ಈಗ ಗುಟ್ಟೇನೂ ಉಳಿದಿಲ್ಲ. ರೊಟ್ಟಿ ಒಲೆಯವನು ಅವರು ಓಡುವಾಗ ಕೈ ಬೀಸುತ್ತಾನೆ. ಬಕೆಟ್ಟು ಮಾತ್ರ ಇವತ್ತಿಗೂ ಕೈಬಿಟ್ಟಿಲ್ಲ.

ಓಡುವವರಿಗೆ ಯಮ್ನಾ ಹೇಳುವುದರಲ್ಲಿ ಮುಕ್ಕಾಲು ಪಾಲು ವಿದಾದ್‌ಳಿಂದ ಕಲಿತದ್ದು. ಗುರುವಾರ ಗುರುವಾರ ವಿದಾದ್ ಮೈ ಉಜ್ಜಿಸಿಕೊಳ್ಳಲು ಬರುತ್ತಾಳೆ. ಅವಳು ಅಂಗಾತ ಮಲಗಿದ ಕೂಡಲೇ ಇವರ ಪ್ರಶ್ನೆಗಳು ಶುರು. "ಅವಳು ಓದಿದ್ದಾಳೆ, ಹೇಳ್ತಾಳೆ. ನಾನು ಬರೀ ಗದರೋಳು," ಎನ್ನುತ್ತಾರೆ ಯಮ್ನಾ. "ಅವಳ ಮಾತಿಗೆ ಎಲ್ಲ ಹೂಂ ಅಂತಾರೆ, ಮಾಡಲ್ಲ. ನಾನು ಬೈದ್ರೆ ಮಾಡ್ತಾರೆ. ಯಾಕೆ ಗೊತ್ತಾ? ಸುಳ್ಳು ಹೇಳೋಕೆ ಬಟ್ಟೆ ಬೇಕು. ಇಲ್ಲಿ ಯಾರ ಮೈಮೇಲೂ ಬಟ್ಟೆ ಇರಲ್ಲ."

ಮಾತು ನಿಜ. ವಿಶ್ರಾಂತಿ ತೆಗೆದುಕೊಂಡೆ ಎಂದವಳ ಮೀನಖಂಡ ಕಲ್ಲಾಗಿರುವುದು ಯಮ್ನಾರ ಕೈಗೆ ಸಿಗುತ್ತದೆ. ತೊಡೆಸಂದಿ ಕೆಂಪಾದವಳಿಗೆ ನಾಳೆಯಿಂದ ಆಲಿವ್ ಎಣ್ಣೆ ಹಚ್ಚಿ ಓಡು ಎನ್ನುತ್ತಾರೆ. ಕಾಲುಗುರು ಕಪ್ಪಾದವಳ ಶೂ ಎತ್ತಿ ಅವಳ ಮುಖದ ಮುಂದೆ ಹಿಡಿಯುತ್ತಾರೆ. "ಇದು ನಿನ್ನ ಮಗಳ ಶೂ. ಹೆಬ್ಬೆರಳಿನ ಮುಂದೆ ಒಂದು ಬೆರಳು ಜಾಗ ಇರ್ಲಿ, ಇಲ್ಲಾಂದ್ರೆ ಚಪ್ಪಲೀಲಿ ಓಡು." ಜ್ವರ ಇದ್ದರೆ ಬಾಗಿಲಿಂದಲೇ ವಾಪಸು. ಓಡಿ ಬಂದವರು ನೇರ ಬಿಸಿಕೋಣೆಗೆ ನುಗ್ಗುವಂತಿಲ್ಲ. ಹೊರಗೆ ಕೂತು ಉಪ್ಪು ಜೀರಿಗೆ ಉದುರಿಸಿದ ಬೇಯಿಸಿದ ಮೊಟ್ಟೆ ತಿನ್ನಬೇಕು, ಬಾರ್ಲಿ ಗಂಜಿ ಕುಡಿಯಬೇಕು, ಎದೆಬಡಿತ ಇಳಿಯಬೇಕು. ರಂಜಾನಿನಲ್ಲಿ ಬೆಳಗಿನ ಓಟ ಬಂದ್. ಸೂರ್ಯ ಮುಳುಗುವ ಮುಂಚೆ ಸ್ವಲ್ಪ ದೂರ ಓಡಿ ಬಂದರೆ ಬಾಂಗಿನ ಹೊತ್ತಿಗೆ ಸರಿಯಾಗಿ ಖರ್ಜೂರ, ಸೂಪು ಕೈಗೆ ಸಿಗುತ್ತದೆ. ವಾರಕ್ಕೊಂದು ದಿನ ಯಾರೂ ಓಡಕೂಡದು. ಆ ದಿನ ಬಕೆಟ್ಟು ತಂದವಳಿಗೆ ಬರೀ ಸ್ನಾನ.

ಇಷ್ಟು ಕಟ್ಟುನಿಟ್ಟಿನ ಹೆಂಗಸು ಎರಡು ವರ್ಷದ ಹಿಂದೆ ಒಂದು ದೊಡ್ಡ ಎಡವಟ್ಟು ಮಾಡಿದ್ದಾರೆ. ಅದನ್ನು ಅವರು ಮುಚ್ಚಿಡುವುದಿಲ್ಲ.

ಇಲ್ಲಿ ಯಾವ ದೊಡ್ಡ ದಿನಕ್ಕೂ ಉಜ್ಜಿದ ಮೈಯಲ್ಲೇ ಹೋಗಬೇಕು. ಮದುಮಗಳು ಹಾಗೇ ಹೋಗುತ್ತಾಳೆ, ಹಜ್‌ಗೆ ಹೊರಟವರು ಹಾಗೇ ಹೋಗುತ್ತಾರೆ, ಹಬ್ಬಕ್ಕಂತೂ ಹಮ್ಮಾಮಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಫೆಸ್ ನಗರದ ನಲವತ್ತೆರಡು ಕಿಲೋಮೀಟರ್ ಓಟಕ್ಕೆ ಬಹೀಜಾ ಮೊದಲ ಸಲ ಹೆಸರು ಕೊಟ್ಟಾಗ ಯಮ್ನಾಗೆ ತನ್ನ ಮಗಳನ್ನೇ ಗಂಡನ ಮನೆಗೆ ಕಳಿಸುವಷ್ಟು ಸಂಭ್ರಮ. ಹಿಂದಿನ ಸಂಜೆ ಅವಳನ್ನು ಕರೆಸಿಕೊಂಡು, ಕಾಸು ತೆಗೆದುಕೊಳ್ಳದೆ, ಮೈಯೆಲ್ಲ ಉಜ್ಜಿದರು. ಕಡೆಗೆ ಪಾದ ತೊಡೆಯ ಮೇಲಿಟ್ಟುಕೊಂಡು, ಗೆರೆ ಕೊರೆದ ಸುಟ್ಟಮಣ್ಣಿನ ಬಿಲ್ಲೆಯಿಂದ ಹಿಮ್ಮಡಿ ತಿಕ್ಕಿದರು. ತಿಂಗಳುಗಟ್ಟಲೆ ಓಡಿ ಗಟ್ಟಿಯಾಗಿದ್ದ ಚರ್ಮವೆಲ್ಲ ಸಿಪ್ಪೆ ಸಿಪ್ಪೆಯಾಗಿ ನೀರಿನಲ್ಲಿ ಹೋಯಿತು. ಪಾದ ಹಸುಗೂಸಿನದರಂತೆ ಗುಲಾಬಿಯಾಯಿತು. ಯಮ್ನಾ ಅದಕ್ಕೆ ಮುತ್ತಿಟ್ಟು ಕಳಿಸಿದರು.

ಮಾರನೇ ದಿನ ಅರ್ಧ ದಾರಿ ದಾಟುವಷ್ಟರಲ್ಲಿ ಆ ಗುಲಾಬಿ ಚರ್ಮ ಬೊಬ್ಬೆಯೆದ್ದು ಒಡೆಯಿತು. ಬಹೀಜಾ ಹಲ್ಲುಕಚ್ಚಿ ಇನ್ನಷ್ಟು ದೂರ ಓಡಿ, ರಕ್ತ ಕಾಲುಚೀಲದಿಂದ ಹೊರಗೆ ಬಂದಾಗ ಕುಸಿದು ಕೂತಳು. ಗಾಯ ತೊಳೆದ ವಿದಾದ್‌ಳಿಗೆ ಚರ್ಮ ನೋಡಿದಾಗಲೇ ಕಾರಣ ತಿಳಿಯಿತು. ಅವಳು ಅದನ್ನು ಯಮ್ನಾಗೆ ಮೆತ್ತಗೇ ಹೇಳಿದಳು.

"ಬೇರೆ ಯಾರಾದ್ರೂ ಮಾಡಿದ್ರೆ ಶಾಪ ಹಾಕಿ ಸುಮ್ಮನಾಗ್ತಿದ್ದೆ. ನಾನೇ ಮಾಡಿದ್ದು, ಅದೂ ಪ್ರೀತಿಯಿಂದ. ಆರು ತಿಂಗಳು ಅವಳು ಕಷ್ಟಪಟ್ಟು ಬೆಳೆಸಿದ್ದನ್ನ ಅರ್ಧ ಗಂಟೇಲಿ ತೊಳೆದು ಹಾಕ್ದೆ," ಎನ್ನುತ್ತಾರೆ. ಅಂದಿನಿಂದ ಹೊಸ ಕಾನೂನು ಬಂದಿದೆ. ಓಟ ಹತ್ತಿರವಾದವಳ ಪಾದವನ್ನು ಯಮ್ನಾ ಮುಟ್ಟುವುದಿಲ್ಲ, ಬೇರೆ ಉಜ್ಜುವವರಿಗೂ ಮುಟ್ಟಲು ಬಿಡುವುದಿಲ್ಲ.

ಈ ಭಾನುವಾರ ಬಹೀಜಾ ಮತ್ತೆ ಫೆಸ್‌ನಲ್ಲಿ ಓಡುತ್ತಿದ್ದಾಳೆ. ಅವಳ ಅತ್ತೆ ಲಲ್ಲಾ ತಾಮು ಮುಲಾಜಿಲ್ಲದೆ ಹೇಳಿಬಿಟ್ಟಿದ್ದಾರೆ: "ಹೋಗು. ಆದ್ರೆ ಇನ್ನೊಂದ್ಸಲ ಕಾಲಿಗೆ ಬ್ಯಾಂಡೇಜ್ ಕಟ್ಕೊಂಡು ಬಂದ್ರೆ ಓಟ ಅಲ್ಲಿಗೆ ಮುಗೀತು. ಬಕೆಟ್ಟು ನಾನು ಎತ್ತಿಡ್ತೀನಿ." ಲಲ್ಲಾ ತಾಮು ಎತ್ತಿಟ್ಟ ಬಕೆಟ್ಟನ್ನು ಕೆಳಗಿಳಿಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ. ಬಹೀಜಾಳ ಬಕೆಟ್ಟು ಹೋದರೆ ಉಳಿದವೂ ಒಂದೊಂದಾಗಿ ಹೋಗುತ್ತವೆ ಎಂದು ಯಮ್ನಾಗೆ ಗೊತ್ತು. ಬೀದಿಯ ಇತರ ಅತ್ತೆಯರೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಾರೆ.

ಸಾಲದ್ದಕ್ಕೆ ಶುಕ್ರವಾರ ಲಲ್ಲಾ ತಾಮು ಅವರ ಮೊಮ್ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯವರೆದುರು ಮನೆಯ ಹೆಂಗಸರೆಲ್ಲ ಗೋರಂಟಿ ಕಾಲಲ್ಲಿ ಸಾಲಾಗಿ ಕೂರಬೇಕು. ಗುರುವಾರ ಬೆಳಿಗ್ಗೆ ಅವರು ಇಡೀ ಪರಿವಾರ ಕಟ್ಟಿಕೊಂಡು ಹಮ್ಮಾಮಿಗೆ ಇಳಿಯುತ್ತಾರೆ. ಮುಂದೆ ಅವರು, ಹಿಂದೆ ಹೆಣ್ಣುಮಕ್ಕಳು, ಕಡೆಗೆ ತಲೆ ತಗ್ಗಿಸಿಕೊಂಡು ಬಹೀಜಾ.

"ಯಮ್ನಾ, ಮೊದಲು ಇವಳ ಹಿಮ್ಮಡಿ ನೋಡು. ಕುರಿಗೊರಸು ಇದಕ್ಕಿಂತ ಚೆನ್ನಾಗಿರುತ್ತೆ. ಉಜ್ಜು."

"ಬೆನ್ನು ಕೊಡಿ, ಉಜ್ಜುತೀನಿ. ತೋಳು ಕೊಡಿ, ಉಜ್ಜುತೀನಿ. ಪಾದ ಬೇಡ ಲಲ್ಲಾ."

"ಉಜ್ಜೋಳು ಉಜ್ಜಲ್ಲ ಅಂದ್ರೆ ಇನ್ಯಾಕಿದೀಯ ಇಲ್ಲಿ, ಹಾಡು ಹೇಳೋಕಾ?"

"ಭಾನುವಾರ ಆದ್ಮೇಲೆ ಹಾಡೂ ಹೇಳ್ತೀನಿ."

ಬಿಸಿಕೋಣೆಯಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದವರ ಕೈ ನಿಂತಿದೆ. ಲಲ್ಲಾ ತಾಮು ಸೊಂಟಕ್ಕೆ ಕೈಯಿಟ್ಟು, ಪಕ್ಕದಲ್ಲಿ ಉಜ್ಜುತ್ತಿದ್ದ ಇನ್ನೊಬ್ಬ ಹೆಂಗಸನ್ನು ಕರೆಯುತ್ತಾರೆ. ಅವಳು ಯಮ್ನಾರ ಮುಖ ನೋಡಿ, ತನಗೆ ಕಿವಿಯೇ ಇಲ್ಲವೆನ್ನುವಂತೆ ತಿರುಗಿ ಕೂರುತ್ತಾಳೆ. ಯಮ್ನಾ ಏನೂ ಆಗಿಲ್ಲವೆಂಬಂತೆ ಎದ್ದುಹೋಗಿ ರೊಟ್ಟಿ ತರುವ ಎರಡು ಪ್ಲಾಸ್ಟಿಕ್ ಚೀಲ ತರುತ್ತಾರೆ. ಬಹೀಜಾಳ ಪಾದಗಳನ್ನು ಒಂದೊಂದು ಚೀಲದೊಳಗೆ ತೂರಿಸಿ, ಅವಳದೇ ಗುಂಡಿಯ ರೇಷ್ಮೆ ದಾರದಿಂದ ಕಣಕಾಲಿಗೆ ಬಿಗಿಯಾಗಿ ಕಟ್ಟಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಇಡುತ್ತಾರೆ. ನೀರು ತಾಗಬಾರದು, ಚರ್ಮ ನೆನೆಯಬಾರದು. ಮೈಯೆಲ್ಲ ನೊರೆ, ತುದಿಯಲ್ಲಿ ಎರಡು ರೊಟ್ಟಿ ಚೀಲ. ಮೊದಲು ನಕ್ಕವಳು ನಿಶ್ಚಿತಾರ್ಥದ ಹುಡುಗಿ, ಲಲ್ಲಾ ತಾಮು ಅವರ ಮೊಮ್ಮಗಳು. ಆಮೇಲೆ ಹಬೆಮನೆಯೇ ಬಿದ್ದು ಬಿದ್ದು ನಗುತ್ತದೆ.

ಲಲ್ಲಾ ತಾಮು ನಗುವುದಿಲ್ಲ. "ನಾಳೆ ಬೀಗರ ಮುಂದೆ ಈ ಚೀಲ ಹಾಕ್ಕೊಂಡೇ ಕೂರ್ತಾಳಾ?"

ಯಮ್ನಾ ಅವರ ಪಕ್ಕದಲ್ಲಿ ಕೂತು ದನಿ ತಗ್ಗಿಸುತ್ತಾರೆ. "ಹಿಮ್ಮಡಿ ಕಾಣಬಾರದು, ಅಷ್ಟೇ ತಾನೆ? ಹಾಗಿದ್ರೆ ಹಿಮ್ಮಡಿ, ಅಂಗಾಲು ತುಂಬ ಗೋರಂಟಿ ಮೆತ್ತಿಬಿಡಿ, ಚರ್ಮಾನೂ ಗಟ್ಟಿಯಾಗುತ್ತೆ. ಗುಡ್ಡದ ಮೇಲೆ ನಮ್ಮವ್ವ ಕುರಿ ಹಿಂದೆ ಬರಿಗಾಲಲ್ಲಿ ಓಡಾಡೋಕೆ ಅದನ್ನೇ ಮೆತ್ಕೊತಿದ್ದಳು."

"ನಮ್ಮಜ್ಜೀನೂ ಮೆತ್ಕೊತಿದ್ದಳು. ನನಗೆ ಹೇಳಿಕೊಡ್ತೀಯಾ?" ಲಲ್ಲಾ ತಾಮು ಮೂಗು ಮುರಿಯುತ್ತಾರೆ. "ನಾನೇ ಕಲಸ್ತೀನಿ. ಆ ಹುಡುಗೀರಿಗೆ ಗಟ್ಟಿಯಾಗಿ ಕಲಸೋಕೆ ಬರಲ್ಲ," ಎಂದು ಬೆನ್ನು ತಿರುಗಿಸಿ ಕೂರುತ್ತಾರೆ. ಅದು ಉಜ್ಜು ಎಂಬ ಅಪ್ಪಣೆ. ಯಮ್ನಾ ಕೈಗವಸು ತೊಡುತ್ತಾರೆ. ಅವತ್ತು ಆ ಬೆನ್ನಿಗೆ ಸಿಕ್ಕಷ್ಟು ಉಪಚಾರ ಊರಿನಲ್ಲಿ ಬೇರೆ ಯಾವ ಬೆನ್ನಿಗೂ ಸಿಕ್ಕಿಲ್ಲ.

ಭಾನುವಾರ. ಓಟದ ದಿನವೂ ಹೌದು, ಹಮ್ಮಾಮಿನ ಸಂತೆಯೂ ಹೌದು. ಇಷ್ಟು ವರ್ಷದಲ್ಲಿ ಯಮ್ನಾ ಒಂದೇ ಒಂದು ಓಟವನ್ನೂ ಕಣ್ಣಾರೆ ಕಂಡಿಲ್ಲ. ಓಟಗಳೆಲ್ಲ ಭಾನುವಾರವೇ ಬರುತ್ತವೆ, ಭಾನುವಾರ ಬಿಟ್ಟರೆ ವಾರದ ಒಲೆ ಉರಿಯುವುದಿಲ್ಲ. ಕೈ ಇಲ್ಲಿ ಓಡುತ್ತಿದೆ, ಮನಸ್ಸು ಫೆಸ್‌ನ ರಸ್ತೆಯಲ್ಲಿದೆ. "ಖಾಲ್ತಿ, ಇದೇ ತೋಳು ಮೂರನೇ ಸಲ. ಇನ್ನೊಂದು ತೋಳಿದೆ ನನಗೆ," ಎಂದು ಒಬ್ಬಳು ನೆನಪಿಸುತ್ತಾಳೆ. ಹಬೆಯಲ್ಲಿ ಫೋನು ಬದುಕುವುದಿಲ್ಲ, ಸುದ್ದಿ ಕೇಳಲು ದಾರಿಯಿಲ್ಲ. ಮಧ್ಯಾಹ್ನವಾಗುತ್ತದೆ, ಸಂಜೆಯ ಪ್ರಾರ್ಥನೆಯ ಕರೆ ಕೇಳುತ್ತದೆ. ಯಾರೂ ಬರುವುದಿಲ್ಲ. ಎರಡು ವರ್ಷದ ಹಿಂದೆಯೂ ಹೀಗೇ ಆಗಿತ್ತು. ಅವತ್ತೂ ಸಂಜೆಯವರೆಗೆ ಯಾರೂ ಬಂದಿರಲಿಲ್ಲ. ಯಮ್ನಾ ಕೈ ತೊಳೆದು ಬಾಗಿಲ ಬಳಿ ಬಂದು ನಿಲ್ಲುತ್ತಾರೆ.

ಮೊದಲು ಕಾಣಿಸುವುದು ಬಹೀಜಾಳ ಹಿಡಿ ಮುರಿದ ಹಳದಿ ಬಕೆಟ್ಟು. ಅದನ್ನು ಹಿಡಿದಿರುವವರು ಲಲ್ಲಾ ತಾಮು. ಬಕೆಟ್ಟನ್ನು ಎತ್ತಿಟ್ಟುಬಿಟ್ಟೆ ಎಂದು ಹೇಳಲು ಬಂದರೋ ಎಂದು ಯಮ್ನಾ ಹೆದರುತ್ತಾರೆ. ಅವರ ಹಿಂದೆ ಬಹೀಜಾ. ಬಾಗಿಲ ಮೆಟ್ಟಿಲನ್ನು ಅವಳು ಹಿಮ್ಮುಖವಾಗಿ, ಗೋಡೆ ಹಿಡಿದು, ಅಯ್ಯಯ್ಯೋ ಎನ್ನುತ್ತ ಇಳಿಯುತ್ತಿದ್ದಾಳೆ. ಕತ್ತಿನಲ್ಲಿ ಏನೋ ಹೊಳೆಯುತ್ತಿದೆ. ಯಮ್ನಾ ಅದನ್ನು ನೋಡುವುದಿಲ್ಲ, ಮುಖವನ್ನೂ ನೋಡುವುದಿಲ್ಲ. ನೆಲದ ಮೇಲೆ ಕೂತು, ಅವಳ ಶೂ ಬಿಚ್ಚಿ, ಕಾಲುಚೀಲ ಎಳೆದು, ಪಾದವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಗೋರಂಟಿ ಕೆಂಪಿನ, ಗಟ್ಟಿ, ಒರಟು ಹಿಮ್ಮಡಿ. ಒಂದು ಬೊಬ್ಬೆಯಿಲ್ಲ, ಒಂದು ಗೀರಿಲ್ಲ.

"ಮುಗಿಸ್ದೆ ಖಾಲ್ತಿ," ಎನ್ನುತ್ತಾಳೆ ಬಹೀಜಾ. "ಹಿಂದಿನವರ ಗುಂಪಲ್ಲಿ. ನಾನು ಬರೋ ಹೊತ್ತಿಗೆ ಕುರ್ಚಿ ಎತ್ತಿಡ್ತಿದ್ದರು."

"ಮಾತಾಡೋಕೆ ಆಗ್ತಿತ್ತಾ?"

"ದಾರಿ ಪೂರ್ತಿ ಮಾತಾಡ್ದೆ. ಪಕ್ಕದಲ್ಲಿ ಓಡ್ತಿದ್ದವಳು ದಮ್ಮಯ್ಯ ಸುಮ್ನಿರಮ್ಮ ಅಂದ್ಲು. ನನ್ನಿಂದ ತಪ್ಪಿಸ್ಕೊಳ್ಳೋಕೇ ಜೋರಾಗಿ ಓಡಿಹೋದ್ಲು."

ಯಮ್ನಾ ನಗುತ್ತಾರೆ, ಅಳುತ್ತಾರೆ, ಎರಡನ್ನೂ ಮುಚ್ಚಿಡುವುದಿಲ್ಲ. ಲಲ್ಲಾ ತಾಮು ಬಕೆಟ್ಟು ಕೆಳಗಿಟ್ಟು ಸುತ್ತ ಕೂತವರಿಗೆಲ್ಲ ಕೇಳುವಂತೆ ಹೇಳುತ್ತಾರೆ: "ನನ್ನ ಗೋರಂಟಿ. ನಾನೇ ಕಲಸಿದ್ದು. ಅದಿಲ್ಲದಿದ್ರೆ ಇವಳೆಲ್ಲಿ, ಓಟ ಎಲ್ಲಿ!" ಯಮ್ನಾ ಹೌದೌದು ಎಂದು ತಲೆಯಾಡಿಸುತ್ತಾರೆ. ಆ ಹೆಸರು ಅವರಿಗೇ ಇರಲಿ. ಅದರಿಂದ ಎಂಟು ಬಕೆಟ್ಟುಗಳೂ ಉಳಿಯುತ್ತವೆ.

"ಸರಿ, ಭಾನುವಾರ ಆಯ್ತಲ್ಲ, ಈಗಲಾದ್ರೂ ಉಜ್ಜು," ಎನ್ನುತ್ತಾರೆ ಲಲ್ಲಾ ತಾಮು.

"ಊಹೂಂ. ಬರುವ ವರ್ಷ ಓಡಬೇಡ್ವಾ?" ಯಮ್ನಾ ಉಗುರುಬೆಚ್ಚಗಿನ ನೀರು ಹೊಯ್ದು ಪಾದವನ್ನು ಬರಿಗೈಯಲ್ಲಿ ತೊಳೆಯುತ್ತಾರೆ.

ಇನ್ನೇನು ಆಸೆಯಿದೆ ಎಂದು ಕೇಳಿದರೆ ಅವರು ಬಹಳ ಯೋಚಿಸುವುದಿಲ್ಲ. ಒಂದೇ ಒಂದು ಸಲ, ಒಂದು ಭಾನುವಾರ, ರಸ್ತೆಬದಿಯಲ್ಲಿ ನಿಂತು ಇವರು ಓಡುವುದನ್ನು ನೋಡಬೇಕು. "ಇವರನ್ನೆಲ್ಲ ನಾನು ನೋಡಿರೋದು ಒದ್ದೆ ಮೈಯಲ್ಲೇ. ಬಟ್ಟೆ ಹಾಕ್ಕೊಂಡು ಓಡಿದ್ರೆ ಗುರುತು ಸಿಗ್ತಾರೋ ಇಲ್ವೋ!"

"ಬರುವ ವರ್ಷ ನಂಜೊತೆ ಫೆಸ್‌ಗೆ ವ್ಯಾನಲ್ಲಿ ಬಾ," ಎನ್ನುತ್ತಾರೆ ಲಲ್ಲಾ ತಾಮು, ಬೇರೆಲ್ಲೋ ನೋಡುತ್ತ. "ಒಂದು ಭಾನುವಾರ ಊರಿನವರು ಕೊಳೆಯಾಗೇ ಇರ್ಲಿ."

ಯಮ್ನಾ ಆ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ದೀಪದ ಕಡೆಗೆ ತಿರುಗಿಸಿ ಇನ್ನೊಮ್ಮೆ ನೋಡುತ್ತಾರೆ. "ಮೂವತ್ತು ವರ್ಷ ಉಜ್ಜಿದ್ದೆಲ್ಲ ನೀರಲ್ಲಿ ಹರಿದುಹೋಯ್ತು," ಎನ್ನುತ್ತಾರೆ. "ಉಜ್ಜದೆ ಬಿಟ್ಟಿದ್ದು ಮಾತ್ರ ನಲವತ್ತೆರಡು ಕಿಲೋಮೀಟರ್ ಓಡಿ ಮನೆಗೆ ಬಂತು."